ಕಂಡದ್ದು ನಿಜ, ಕಟ್ಟಿದ್ದು ಡ್ರ್ಯಾಗನ್

1735ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಏಳು ತಲೆಯ ಪ್ರಾಣಿಯೊಂದರ ಒಣಗಿದ ದೇಹ ಮಾರಾಟಕ್ಕಿತ್ತು. ಅದರ ಒಡೆಯ ಊರಿನ ಮೇಯರ್. ಹೇಳುತ್ತಿದ್ದ ಬೆಲೆಯೂ ಸಣ್ಣದಲ್ಲ. ಸ್ವೀಡನ್ನಿನಿಂದ ಬಂದಿದ್ದ, ಇನ್ನೂ ಮೂವತ್ತು ದಾಟದ ನಿಸರ್ಗವಿಜ್ಞಾನಿ ಕಾರ್ಲ್ ಲಿನೇಯಸ್ ಅದನ್ನು ಹತ್ತಿರದಿಂದ ನೋಡಿದರು. ದವಡೆ ಮತ್ತು ಪಾದಗಳು ವೀಸಲ್ ಎಂಬ ಸಣ್ಣ ಬೇಟೆಪ್ರಾಣಿಯವು, ಮೇಲೆ ಅಂಟಿಸಿದ್ದು ಹಾವಿನ ಚರ್ಮ. ನೋಡಿದ್ದನ್ನು ಅವರು ಬಾಯಿಬಿಟ್ಟು ಹೇಳಿದರು. ಬೆಲೆ ನೆಲ ಕಚ್ಚಿತು, ಲಿನೇಯಸ್ ಬೇಗನೆ ಊರು ಬಿಟ್ಟರು.

ಆ ದೇಹದಲ್ಲಿ ಹಲ್ಲು ನಿಜ, ಉಗುರು ನಿಜ, ಚರ್ಮವೂ ನಿಜ. ಸುಳ್ಳಿದ್ದದ್ದು ಜೋಡಣೆಯಲ್ಲಿ. ಡ್ರ್ಯಾಗನ್ ಹೇಗೆ ಹುಟ್ಟುತ್ತದೆ, ಹೇಗೆ ಹಾರುತ್ತದೆ, ಹೇಗೆ ಕೊಲ್ಲುತ್ತದೆ ಎಂಬ ನಂಬಿಕೆಗಳಲ್ಲಿ ಹಲವು ಇದೇ ಬಗೆಯವು. ಜನ ಕಂಡದ್ದು ಸರಿಯಾಗಿತ್ತು. ಕಂಡದ್ದಕ್ಕೆ ಕೊಟ್ಟ ಕಾರಣ ತಪ್ಪಾಗಿತ್ತು. ಹಾಗೆಂದು ತಪ್ಪೆಲ್ಲ ಹಳೆಯ ಕಾಲದ ಹಳ್ಳಿಗರ ತಲೆಗೆ ಕಟ್ಟುವಂತಿಲ್ಲ. ಇವುಗಳಲ್ಲಿ ಕೆಲವು ವಿಜ್ಞಾನದ ಹೆಸರಿನಲ್ಲೇ ಹರಡಿ, ದಶಕಗಟ್ಟಲೆ ಪುಸ್ತಕಗಳಲ್ಲಿ ಕುಳಿತಿದ್ದವು.

ನಂಬಿಕೆ: ತಾಯಿ ಡ್ರ್ಯಾಗನ್ ಮೊಟ್ಟೆ ಕಾದು ಮರಿಗಳನ್ನು ಸಾಕುತ್ತದೆ

ಇಂದು ಬದುಕಿರುವ ಜೀವಿಗಳಲ್ಲಿ ಡ್ರ್ಯಾಗನ್ ಎಂಬ ಹೆಸರನ್ನು ಗಾತ್ರದಿಂದಲಾದರೂ ಉಳಿಸಿಕೊಂಡಿರುವುದು ಇಂಡೊನೇಷ್ಯಾದ ಕೊಮೊಡೊ ಡ್ರ್ಯಾಗನ್. ಅದು ನಮ್ಮ ಉಡದ ಕುಲಕ್ಕೇ ಸೇರಿದ್ದು. ಆದರೆ ಮೂರು ಮೀಟರ್‌ವರೆಗೆ ಬೆಳೆಯುತ್ತದೆ. ದೊಡ್ಡ ಗಂಡು 70 ಕೆ.ಜಿ. ದಾಟುವುದುಂಟು. ಪೀಟರ್ ಔವೆನ್ಸ್ 1912ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು.

ಹೆಣ್ಣು ಒಂದು ಸಲಕ್ಕೆ ಇಪ್ಪತ್ತರ ಆಸುಪಾಸು ಮೊಟ್ಟೆ ಇಡುತ್ತದೆ. ಎಷ್ಟೋ ಸಲ ಅದಕ್ಕಾಗಿ ಹೊಸ ಗುಂಡಿಯನ್ನೂ ತೋಡುವುದಿಲ್ಲ. ಮೆಗಪೋಡ್ ಎಂಬ ಹಕ್ಕಿ ಮಣ್ಣು, ತರಗೆಲೆ ಗುಡ್ಡೆ ಹಾಕಿ ಮಾಡಿದ ಗೂಡನ್ನೇ ಬಳಸಿಕೊಳ್ಳುತ್ತದೆ. ಸ್ವಲ್ಪ ಕಾಲ ಗೂಡಿನ ಹತ್ತಿರ ಕಾವಲಿರುತ್ತದೆ ನಿಜ. ಆದರೆ ಸುಮಾರು ಎಂಟು ತಿಂಗಳ ನಂತರ ಮರಿಗಳು ಮಣ್ಣು ಕೆದಕಿ ಹೊರಬರುವಾಗ ಅವನ್ನು ಸಾಕುವ ತಾಯಿ ಯಾರೂ ಇಲ್ಲ. ಒಂದಡಿಗಿಂತ ತುಸು ಉದ್ದದ ಮರಿ ಮೊದಲು ಮಾಡುವ ಕೆಲಸ ಮರ ಹತ್ತುವುದು. ಕೆಳಗೆ ಸಿಕ್ಕರೆ ಸ್ವಂತ ಜಾತಿಯ ದೊಡ್ಡವೇ ತಿಂದುಹಾಕುತ್ತವೆ. ಆ ಮೈಭಾರ ಹೊತ್ತು ಅವು ಮರ ಹತ್ತಲಾರವು. ಹೀಗೆ ಮೊದಲ ಕೆಲವು ವರ್ಷ ಹುಳ, ಹಲ್ಲಿ, ಹಕ್ಕಿಮೊಟ್ಟೆ ತಿನ್ನುತ್ತ ಕೊಂಬೆಯ ಮೇಲೆಯೇ ಬಾಳು.

ಗಂಡಿನ ನೆರಳಿಲ್ಲದೆ ಹುಟ್ಟುವ ಡ್ರ್ಯಾಗನ್ ಕಥೆಯಲ್ಲಿ ಮಾತ್ರ ಎನ್ನುವವರಿಗೆ 2006 ಉತ್ತರ ಕೊಟ್ಟಿತು. ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದ ಫ್ಲೋರಾ ಎಂಬ ಹೆಣ್ಣು ಕೊಮೊಡೊ ಯಾವ ಗಂಡಿನ ಜೊತೆಗೂ ಸೇರದೆ ಮೊಟ್ಟೆಯಿಟ್ಟಿತು. ಭ್ರೂಣಗಳ ಡಿಎನ್‌ಎ ಪರೀಕ್ಷಿಸಿದಾಗ ತಂದೆಯ ಗುರುತೇ ಇರಲಿಲ್ಲ. ಆ ಸುದ್ದಿಯ ಬೆನ್ನಿಗೆ ಇನ್ನೊಂದು ತಪ್ಪು ಹುಟ್ಟಿಕೊಂಡಿತು: ಮರಿಗಳು ತಾಯಿಯ ತದ್ರೂಪುಗಳು ಎಂದು. ಹಾಗಿದ್ದರೆ ಅವು ಹೆಣ್ಣಾಗಬೇಕಿತ್ತು, ಹುಟ್ಟಿದ್ದೆಲ್ಲ ಗಂಡು. ಕೊಮೊಡೊಗಳಲ್ಲಿ ಹೆಣ್ಣಿನ ಲಿಂಗ ವರ್ಣತಂತುಗಳು ಝಡ್ ಮತ್ತು ಡಬ್ಲ್ಯು, ಗಂಡಿನದು ಎರಡೂ ಝಡ್. ತಂದೆಯಿಲ್ಲದ ಮೊಟ್ಟೆಯಲ್ಲಿ ಒಂದೇ ಬಗೆಯ ವರ್ಣತಂತು ಇಮ್ಮಡಿಯಾಗುತ್ತದೆ. ಎರಡು ಡಬ್ಲ್ಯು ಬಂದ ಮೊಟ್ಟೆ ಬದುಕುವುದಿಲ್ಲ. ಎರಡು ಝಡ್ ಬಂದದ್ದು ಗಂಡುಮರಿಯಾಗುತ್ತದೆ.

ಕೊಮೊಡೊ ಇಷ್ಟು ದೊಡ್ಡದಾದದ್ದು ದ್ವೀಪದಲ್ಲಿ ಪೈಪೋಟಿಯಿಲ್ಲದ ಕಾರಣ ಎಂಬ ಪಾಠವನ್ನೂ ತಿದ್ದಬೇಕಾಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಸಿಕ್ಕ, ಮೂವತ್ತು ಲಕ್ಷ ವರ್ಷಕ್ಕೂ ಹಳೆಯ ಪಳೆಯುಳಿಕೆಗಳನ್ನು 2009ರಲ್ಲಿ ವಿವರಿಸಿದಾಗ, ಪ್ರಾಣಿ ದ್ವೀಪಕ್ಕೆ ಬರುವ ಮೊದಲೇ ದೊಡ್ಡದಿತ್ತು ಎಂದು ತಿಳಿಯಿತು.

ನಂಬಿಕೆ: ಜೋರು ಮಳೆಗೆ ಗುಹೆಯಿಂದ ಡ್ರ್ಯಾಗನ್ ಮರಿಗಳು ಕೊಚ್ಚಿಬರುತ್ತವೆ

ಈಗಿನ ಸ್ಲೊವೇನಿಯಾದಲ್ಲಿ ಹಲವು ಬೆಟ್ಟಗಳು ಸುಣ್ಣಕಲ್ಲಿನವು. ಒಳಗೆ ಗುಹೆ, ಗುಹೆಯೊಳಗೆ ಹೊಳೆ. ವರ್ಹ್‌ನಿಕಾ ಊರಿನ ಬಳಿ ಮಳೆ ಹೆಚ್ಚಾದಾಗ ನೆಲದಡಿಯ ನೀರು ಉಕ್ಕಿ ಹರಿಯುತ್ತಿತ್ತು. ಅದರ ಜೊತೆ ಗೇಣುದ್ದದ ನಸುಗೆಂಪು ಜೀವಿಗಳೂ ಹೊರಬರುತ್ತಿದ್ದವು. ಕೆಳಗೆ ಡ್ರ್ಯಾಗನ್ ಇದೆ, ಅದು ನೀರು ನೂಕಿದಾಗ ಮರಿಗಳು ತೇಲಿಬರುತ್ತವೆ ಎಂದು ಜನ ನಂಬಿದ್ದರು. ವಿದ್ವಾಂಸ ಯೊಹಾನ್ ವೈಖಾರ್ಡ್ ವಾಲ್ವಾಸೋರ್ 1689ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಬಿಕೆ ದಾಖಲಾಗಿದೆ. ಅವರಿಗೇ ಅದರಲ್ಲಿ ನಂಬುಗೆಯಿರಲಿಲ್ಲ. ಇದು ಹಲ್ಲಿಯಂಥ ಒಂದು ನೆಲದಡಿಯ ಜಂತು ಅಷ್ಟೆ ಎಂದು ಬರೆದರು.

ಆ ಜಂತು ಓಲ್ಮ್. ಕಪ್ಪೆಯಂತೆ ಉಭಯವಾಸಿಗಳ ಗುಂಪಿನದು, ಆದರೆ ನೀರು ಬಿಟ್ಟು ಬರುವುದಿಲ್ಲ. ಮುಂಗಾಲಿಗೆ ಮೂರು ಬೆರಳು, ಹಿಂಗಾಲಿಗೆ ಎರಡು. ಕಣ್ಣುಗಳ ಮೇಲೆ ಚರ್ಮ ಮುಚ್ಚಿದೆ, ಕತ್ತಿನ ಎರಡೂ ಬದಿಗೆ ಕೆಂಪು ಕಿವಿರುಗಳ ಕುಚ್ಚು. ಕಣ್ಣು ಕಾಣದಿದ್ದರೂ ಬೆಳಕು ಬಿದ್ದರೆ ಚರ್ಮಕ್ಕೇ ಗೊತ್ತಾಗಿ ಕತ್ತಲಿನತ್ತ ಸರಿಯುತ್ತದೆ.

‘ಮರಿ’ ಎಂದ ಜನರ ಊಹೆ ಅರ್ಧ ಸರಿಯಾಗಿತ್ತು ಎಂಬುದು ಇಲ್ಲಿನ ಸ್ವಾರಸ್ಯ. ಕಪ್ಪೆಯ ಗೊದಮೊಟ್ಟೆ ಬೆಳೆದಾಗ ಕಿವಿರು ಕಳೆದುಕೊಳ್ಳುತ್ತದೆ. ಓಲ್ಮ್ ಕಳೆದುಕೊಳ್ಳುವುದೇ ಇಲ್ಲ. ಮರಿಯ ರೂಪದಲ್ಲೇ ಪ್ರಾಯಕ್ಕೆ ಬರುತ್ತದೆ, ಅದಕ್ಕೂ ಹದಿನೈದು ವರ್ಷ ಹಿಡಿಯುತ್ತದೆ. ಹೆಣ್ಣು ಮೊಟ್ಟೆಯಿಡುವುದು ಹನ್ನೆರಡು ವರ್ಷಕ್ಕೊಮ್ಮೆ ಎಂಬ ಅಂದಾಜಿದೆ. ಆಯಸ್ಸು ನೂರು ವರ್ಷ ಮುಟ್ಟಬಹುದೆಂದು 2010ರ ಅಧ್ಯಯನ ಲೆಕ್ಕಹಾಕಿತು. 2016ರಲ್ಲಿ ಪೋಸ್ಟೊಯ್ನಾ ಗುಹೆಯ ತೊಟ್ಟಿಯಲ್ಲಿ ಒಂದು ಹೆಣ್ಣು 64 ಮೊಟ್ಟೆ ಇಟ್ಟಿತು. ನಾಲ್ಕು ತಿಂಗಳು ಕಾದ ಮೇಲೆ ಮರಿಗಳು ಒಂದೊಂದಾಗಿ ಹೊರಬಂದವು, ಒಟ್ಟು 22. ಡ್ರ್ಯಾಗನ್ ಮರಿ ಹುಟ್ಟಿತು ಎಂದೇ ಪತ್ರಿಕೆಗಳು ಸಂಭ್ರಮಿಸಿದವು.

ನಂಬಿಕೆ: ನಾಲ್ಕು ಕಾಲು, ಮೇಲೆರಡು ರೆಕ್ಕೆ

ಬೆನ್ನೆಲುಬಿರುವ ಪ್ರಾಣಿಗಳಲ್ಲಿ ರೆಕ್ಕೆಯೆಂದರೆ ಮುಂಗಾಲೇ. ಹಕ್ಕಿ, ಬಾವಲಿ, ಅಳಿದುಹೋದ ಟೆರೊಸಾರ್ ಮೂರೂ ಮುಂಗಾಲನ್ನು ಕೊಟ್ಟು ರೆಕ್ಕೆ ಪಡೆದವು. ಚಿತ್ರಗಳ ಡ್ರ್ಯಾಗನ್ನಿಗೆ ನಾಲ್ಕು ಕಾಲೂ ಬೇಕು, ರೆಕ್ಕೆಯೂ ಬೇಕು. ಅಂಥ ಆರು ಅವಯವದ ಹಂದರ ಈ ವಂಶದಲ್ಲಿಲ್ಲ.

ಆದರೆ ನಾಲ್ಕೂ ಕಾಲು ಉಳಿಸಿಕೊಂಡು ಗಾಳಿಗಿಳಿಯುವ ಉಪಾಯವೊಂದಿದೆ, ಅದು ಮಲೆನಾಡಿನ ಅಡಿಕೆ ತೋಟದಲ್ಲೇ ಕಾಣಸಿಗುತ್ತದೆ. ಹಾರುವ ಓತಿ ಪಕ್ಕೆಲುಬುಗಳನ್ನು ಮೈಯಿಂದಾಚೆಗೆ ಚಾಚಿ, ಅವುಗಳ ಮೇಲಿನ ಚರ್ಮವನ್ನು ಹರಡಿಕೊಳ್ಳುತ್ತದೆ. ಈ ಕುಲಕ್ಕೆ ಡ್ರಾಕೊ ಎಂಬ ಹೆಸರು 1758ರಲ್ಲಿ ಬಂದದ್ದು ಅದೇ ಲಿನೇಯಸ್ ಅವರಿಂದ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಹುಡುಕಾಟ ನಡೆಯುವುದು ಇಂಥ ಓತಿಗಾಗಿಯೇ. ಕಾದಂಬರಿ ಓದಿ, ಹಾರುವ ಓತಿಯೂ ಕಟ್ಟುಕಥೆಯೆಂದು ತಿಳಿದವರುಂಟು. ಪಶ್ಚಿಮ ಘಟ್ಟದ ಡ್ರಾಕೊ ಡಸುಮಿಯೆರಿ ಕಟ್ಟುಕಥೆಯಲ್ಲ. ಬಾಲ ಸೇರಿ ಗೇಣುದ್ದ, ತೊಗಟೆಯದೇ ಬಣ್ಣ, ಮುಖ್ಯ ಆಹಾರ ಇರುವೆ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಬಿಚ್ಚಿ ಮಡಿಸುವಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಹೆಣ್ಣು ನೆಲಕ್ಕಿಳಿದು ಮಣ್ಣಿನಲ್ಲಿ ಮೊಟ್ಟೆ ಹೂಳಿ ಮತ್ತೆ ಮರಕ್ಕೇರುತ್ತದೆ.

ಅದು ಹಾರುವುದಿಲ್ಲ, ತೇಲುತ್ತದೆ. ರೆಕ್ಕೆ ಬಡಿದು ಮೇಲೇರಲಾರದು. ಮರದಿಂದ ಜಿಗಿದು, ಇಳಿಜಾರಿನಲ್ಲಿ ಸಾಗಿ ಇನ್ನೊಂದು ಮರದ ಬೊಡ್ಡೆಗೆ ಅಂಟಿಕೊಳ್ಳುತ್ತದೆ. ಈ ತೇಲಾಟದ ಬಗ್ಗೆಯೂ ಬಹುಕಾಲ ಒಂದು ತಪ್ಪು ತಿಳಿವಳಿಕೆ ಇತ್ತು. ರೆಕ್ಕೆಗೂ ಮುಂಗಾಲಿಗೂ ಸಂಬಂಧವಿಲ್ಲ, ಪಕ್ಕೆಲುಬಿನ ಸ್ನಾಯುಗಳೇ ಎಲ್ಲವನ್ನೂ ನಡೆಸುತ್ತವೆ ಎಂದುಕೊಂಡಿದ್ದರು. ಜರ್ಮನಿಯ ಮ್ಯಾಕ್ಸಿಮಿಲಿಯನ್ ಡೆಹ್ಲಿಂಗ್ ಆಗುಂಬೆಯ ಬಳಿ ಓತಿಗಳ ಜಿಗಿತವನ್ನು ಕ್ಯಾಮೆರಾದಲ್ಲಿ ಹಿಡಿದರು. ಜಿಗಿದ ಕ್ಷಣದಲ್ಲಿ ಓತಿ ಮುಂಗೈಗಳನ್ನು ಹಿಂದಕ್ಕೆ ತಿರುಗಿಸಿ ರೆಕ್ಕೆಯ ಮುಂದಂಚನ್ನು ಹಿಡಿದುಕೊಳ್ಳುತ್ತದೆ, ಹಿಡಿದೇ ಸಾಗುತ್ತದೆ, ಮರ ಮುಟ್ಟುವ ಮುನ್ನ ಬಿಡುತ್ತದೆ. 2017ರಲ್ಲಿ ಇದು ಪ್ರಕಟವಾಯಿತು. ಕೊನೆಗೂ ಮುಂಗಾಲಿನ ಸಹಾಯವಿಲ್ಲದೆ ಓತಿಗೂ ರೆಕ್ಕೆಯಿಲ್ಲ.

ನಂಬಿಕೆ: ಹೊಟ್ಟೆಯಲ್ಲಿ ಅನಿಲ, ಬಾಯಲ್ಲಿ ಬೆಂಕಿ

ಡ್ರ್ಯಾಗನ್ನಿಗೆ ‘ವೈಜ್ಞಾನಿಕ’ ಸಮರ್ಥನೆ ಕೊಡುವವರ ಮೆಚ್ಚಿನ ವಾದ ಇದು. ಬ್ರಿಟಿಷ್ ಲೇಖಕ ಪೀಟರ್ ಡಿಕಿನ್‌ಸನ್ 1979ರ ‘ದ ಫ್ಲೈಟ್ ಆಫ್ ಡ್ರ್ಯಾಗನ್ಸ್’ ಪುಸ್ತಕದಲ್ಲಿ ಅದನ್ನು ಸೊಗಸಾಗಿ ಕಟ್ಟಿದ್ದಾರೆ. ಹೊಟ್ಟೆಯ ಆಮ್ಲದಿಂದ ಹೈಡ್ರೋಜನ್ ಹುಟ್ಟುತ್ತದೆ, ಅದರಿಂದ ಮೈ ಹಗುರಾಗಿ ಡ್ರ್ಯಾಗನ್ ಮೇಲೇಳುತ್ತದೆ, ಮಿಕ್ಕದ್ದನ್ನು ಉರಿಸಿ ಉಗುಳುತ್ತದೆ. ಲೆಕ್ಕ ಮಾತ್ರ ಕೂಡಿಬರುವುದಿಲ್ಲ. ಒಂದು ಘನ ಮೀಟರ್ ಹೈಡ್ರೋಜನ್ ಎತ್ತಬಲ್ಲದ್ದು ಸುಮಾರು 1.1 ಕೆ.ಜಿ. ಒಂದು ಟನ್ ತೂಕದ ಡ್ರ್ಯಾಗನ್ ತೇಲಬೇಕಾದರೆ ಹತ್ತಿರ ಹತ್ತಿರ 900 ಘನ ಮೀಟರ್ ಅನಿಲ ಬೇಕು. ಅಂದರೆ ಅದರ ಹೊಟ್ಟೆ ನಾಲ್ಕಂತಸ್ತಿನ ಮನೆಯಷ್ಟೆತ್ತರದ ಬಲೂನಾಗಬೇಕು.

ಉರಿಯುವ ಪ್ರಾಣಿಯಿಲ್ಲ, ಆದರೆ ಕುದಿಯುವುದಿದೆ. ಭಾರತದಲ್ಲೂ ಇರುವ ಬಾಂಬಾರ್ಡಿಯರ್ ಜೀರುಂಡೆ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಹೊಟ್ಟೆಯ ತುದಿಯ ಚೀಲದಲ್ಲಿ ಇಟ್ಟುಕೊಂಡಿರುತ್ತದೆ. ಕೆಣಕಿದರೆ ಅವು ಪಕ್ಕದ ಕೋಣೆಗೆ ನುಗ್ಗಿ, ಕಿಣ್ವಗಳೊಂದಿಗೆ ಬೆರೆತು, 100 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಚಟಪಟನೆ ಸಿಡಿಯುತ್ತವೆ. ಸಿಡಿಯುವುದು ಹಿಂಭಾಗದಿಂದ.

ನಂಬಿಕೆ: ಕಚ್ಚಿದರೆ ಸಾಕು, ಬಾಯಿಯ ಕೊಳಕಿಗೇ ಬೇಟೆ ಸಾಯುತ್ತದೆ

ಕೊಮೊಡೊ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತಿದು. ಅದರ ಬಾಯಿ ಬ್ಯಾಕ್ಟೀರಿಯಾದ ಗೂಡು, ಕಚ್ಚಿ ಬಿಟ್ಟರೆ ಬೇಟೆ ನಂಜೇರಿ ಸಾಯುತ್ತದೆ, ಅದು ದಿನಗಟ್ಟಲೆ ಹಿಂಬಾಲಿಸಿ ತಿನ್ನುತ್ತದೆ. ಇದು ಜಾನಪದವಲ್ಲ. ವಾಲ್ಟರ್ ಆಫನ್‌ಬರ್ಗ್ ಕೊಮೊಡೊ ದ್ವೀಪದಲ್ಲಿ ಬಹುಕಾಲ ಬೀಡುಬಿಟ್ಟು ಬರೆದ 1981ರ ಗ್ರಂಥದಿಂದ ಬಲ ಪಡೆದು, ಟಿ.ವಿ. ಸಾಕ್ಷ್ಯಚಿತ್ರಗಳ ಮೂಲಕ ಮನೆಮಾತಾದದ್ದು.

ಕಚ್ಚಿಸಿಕೊಂಡ ಎಮ್ಮೆಗೆ ನಂಜೇರಿದ್ದು ನಿಜ. ಆದರೆ ನೀರೆಮ್ಮೆ ಆ ದ್ವೀಪಗಳದ್ದಲ್ಲ, ಮನುಷ್ಯರು ತಂದದ್ದು. ಕಾಲಿಗೆ ಗಾಯವಾದ ಎಮ್ಮೆ ತನ್ನ ಸ್ವಭಾವದಂತೆ ನೀರಿಗಿಳಿಯುತ್ತದೆ. ಅಲ್ಲಿ ಸಿಗುವುದು ಸಗಣಿ ಬೆರೆತ ನಿಂತ ನೀರು, ನಂಜು ಅಲ್ಲಿಂದ. 2013ರಲ್ಲಿ ಅಮೆರಿಕದ ಮೃಗಾಲಯಗಳ ಕೊಮೊಡೊಗಳ ಬಾಯಿಯನ್ನು ಪರೀಕ್ಷಿಸಿದಾಗ, ಬೇರೆ ಮಾಂಸಾಹಾರಿಗಳಲ್ಲಿ ಇರುವುದಕ್ಕಿಂತ ಭಯಂಕರವಾದದ್ದೇನೂ ಸಿಗಲಿಲ್ಲ. ತಿಂದ ಮೇಲೆ ಕೊಮೊಡೊ ಹತ್ತು ಹದಿನೈದು ನಿಮಿಷ ತುಟಿ ನೆಕ್ಕಿ, ತಲೆಯನ್ನು ಎಲೆಗಳಿಗೆ ಉಜ್ಜಿ ಬಾಯಿ ಚೊಕ್ಕಟ ಮಾಡಿಕೊಳ್ಳುತ್ತದೆ ಎನ್ನುತ್ತಾರೆ ಆಸ್ಟ್ರೇಲಿಯಾದ ಬ್ರಯನ್ ಫ್ರೈ.

ಫ್ರೈ ತಂಡ 2009ರಲ್ಲೇ ಅದರ ಕೆಳದವಡೆಯಲ್ಲಿ ವಿಷಗ್ರಂಥಿಗಳನ್ನು ತೋರಿಸಿತ್ತು. ಆ ವಿಷ ರಕ್ತ ಹೆಪ್ಪುಗಟ್ಟದಂತೆ ತಡೆದು, ರಕ್ತದೊತ್ತಡ ಇಳಿಸುತ್ತದೆ. ಬೇಟೆಯಲ್ಲಿ ವಿಷದ ಪಾಲೆಷ್ಟು, ಹಲ್ಲಿನ ಪಾಲೆಷ್ಟು ಎಂಬ ಚರ್ಚೆ ನಿಂತಿಲ್ಲ. ಹಲ್ಲುಗಳಂತೂ ಸಾಮಾನ್ಯದವಲ್ಲ: ಗರಗಸದಂಚಿನ ಸುಮಾರು ಅರವತ್ತು ಹಲ್ಲು. ಅವುಗಳ ಅಂಚಿಗೆ, ತುದಿಗೆ ಕಬ್ಬಿಣಾಂಶದ ಕಿತ್ತಳೆ ಬಣ್ಣದ ಲೇಪವಿದೆ ಎಂದು 2024ರಲ್ಲಿ ಗೊತ್ತಾಯಿತು. ಜಿಂಕೆ ಸಿಕ್ಕರೆ ಕೊಮೊಡೊ ದಿನಗಟ್ಟಲೆ ಕಾಯುವುದಿಲ್ಲ. ಮೇಲೆರಗಿ, ಮಾಂಸ ಸಿಗಿದು, ರಕ್ತ ಹರಿಸಿ ಬೇಗನೆ ಮುಗಿಸುತ್ತದೆ.

ನಂಬಿಕೆ: ಡ್ರ್ಯಾಗನ್ ಸತ್ತರೂ ಮೂಳೆ ಉಳಿಯುತ್ತದೆ

ಆಸ್ಟ್ರಿಯಾದ ಕ್ಲಾಗನ್‌ಫುರ್ಟ್ ಪಟ್ಟಣದ ನಡುವೆ ಕಲ್ಲಿನ ಡ್ರ್ಯಾಗನ್ ಒಂದಿದೆ, 1590ರ ಸುಮಾರಿನದು. ಜೌಗಿನಲ್ಲಿದ್ದ ಡ್ರ್ಯಾಗನ್ನನ್ನು ಹೋರಿಯ ಆಮಿಷವೊಡ್ಡಿ ಕೊಂದ ಮೇಲೆ ಊರು ಎದ್ದಿತು ಎಂಬುದು ಸ್ಥಳೀಯ ಐತಿಹ್ಯ. ಅದಕ್ಕೆ ಸಾಕ್ಷಿಯಾಗಿ ತಲೆಬುರುಡೆಯೂ ಇತ್ತು, 1335ರಲ್ಲಿ ಹತ್ತಿರದ ಜಲ್ಲಿಗುಂಡಿಯಲ್ಲಿ ಸಿಕ್ಕದ್ದು. ಶಿಲ್ಪದ ತಲೆಗೆ ಅದೇ ಮಾದರಿಯಾಯಿತು ಎನ್ನುತ್ತಾರೆ. 1840ರಲ್ಲಿ ಫ್ರಾನ್ಜ್ ಉಂಗರ್ ಬುರುಡೆಯ ಗುರುತು ಹಿಡಿದರು: ಹಿಮಯುಗದ ಉಣ್ಣೆ ಖಡ್ಗಮೃಗ. ಅದೇ ದೇಶದ ಮಿಕ್ಸ್‌ನಿಟ್ಸ್ ಬಳಿಯ ‘ಡ್ರ್ಯಾಗನ್ ಗುಹೆ’ಯಲ್ಲಿದ್ದದ್ದು ಗುಹಾಕರಡಿಗಳ ಮೂಳೆರಾಶಿ. ಮೊದಲ ಮಹಾಯುದ್ಧದ ನಂತರ ಅಲ್ಲಿನ ಮಣ್ಣನ್ನು ರಂಜಕದ ಗೊಬ್ಬರಕ್ಕಾಗಿ ಅಗೆದು ಹೊಲಗಳಿಗೆ ಸುರಿದರು.

ಚೀನಾದಲ್ಲಿ ಡ್ರ್ಯಾಗನ್ ಮೂಳೆ ಔಷಧದಂಗಡಿಯ ಸರಕು. ಪುಡಿಮಾಡಿ ಕಷಾಯಕ್ಕೆ ಹಾಕುತ್ತಿದ್ದರು. ಅದು ಬಗೆಬಗೆಯ ಸಸ್ತನಿಗಳ ಪಳೆಯುಳಿಕೆ ಎಂದು ತಿಳಿದ ವಿಜ್ಞಾನಿಗಳು ಅಂಗಡಿ ಅಂಗಡಿ ಅಲೆಯತೊಡಗಿದರು. 1935ರಲ್ಲಿ ರಾಲ್ಫ್ ಫಾನ್ ಕೋನಿಗ್ಸ್‌ವಾಲ್ಡ್ ಹಾಂಗ್‌ಕಾಂಗಿನ ಅಂಗಡಿಯೊಂದರಲ್ಲಿ ಭಾರೀ ದವಡೆಹಲ್ಲೊಂದನ್ನು ಕೊಂಡರು. ಭೂಮಿಯ ಮೇಲೆ ಬಾಳಿದ ಅತಿದೊಡ್ಡ ವಾನರ ಜೈಗ್ಯಾಂಟೊಪಿಥೆಕಸ್ ಜಗತ್ತಿಗೆ ತಿಳಿದದ್ದು ಆ ಹಲ್ಲಿನಿಂದ. ಅದಕ್ಕೂ ಮೊದಲು, 1921ರಲ್ಲಿ, ಬೀಜಿಂಗ್ ಹತ್ತಿರದ ಜೋಕೋಡಿಯನ್‌ನಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ತಂಡಕ್ಕೆ ಸ್ಥಳೀಯರು ಇನ್ನೂ ಒಳ್ಳೆಯ ಜಾಗವೊಂದನ್ನು ತೋರಿಸಿದ್ದರು. ಅದರ ಹೆಸರು ಡ್ರ್ಯಾಗನ್ ಮೂಳೆ ಗುಡ್ಡ. 1929ರ ಡಿಸೆಂಬರ್ 2ರಂದು ಪೇ ವೆನ್‌ಜೋಂಗ್ ಪೀಕಿಂಗ್ ಮಾನವ ಎಂಬ ಆದಿಮಾನವನ ತಲೆಬುರುಡೆಯನ್ನು ಹೊರತೆಗೆದದ್ದು ಅಲ್ಲಿಂದಲೇ.