ಗುಟ್ಟಿನ ಕಿಟಕಿ ಎಷ್ಟು ಗುಟ್ಟು?



ಒಕ್ಕೂಟದ ಸಭೆಯೊಂದರಲ್ಲಿ ಒಬ್ಬ ಸದಸ್ಯೆ ನಮ್ಮನ್ನು ಕೇಳಿದರು: "ಸಿಸ್ಟರ್, ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಏನು ಮಾಡಿದರೂ ಯಾರಿಗೂ ಗೊತ್ತಾಗಲ್ಲ ಅಂದ್ರು. ಮತ್ತೆ ನನ್ನ ಮೇಲ್ ಬೇರೆಯವರಿಗೆ ಹೇಗೆ ಸಿಕ್ತು?"

ಮಗಳ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಅವರು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಕಿಟಕಿಯನ್ನು ಮಿನಿಮೈಸ್ ಮಾಡಿ ಎದ್ದು ಬಂದರು. ಅವರ ನಂತರ ಕುಳಿತವರಿಗೆ ಮೇಲ್ ತೆರೆದೇ ಸಿಕ್ಕಿತು. ಆಧಾರ್, ಪಾಸ್‌ಬುಕ್ಕಿನ ಪ್ರತಿಗಳೂ ಆ ಕಂಪ್ಯೂಟರಿನಲ್ಲೇ ಉಳಿದಿದ್ದವು.

ಈ ಕಪ್ಪು ಕಿಟಕಿ ಅಂದರೇನು?

ಕ್ರೋಮ್‌ನಲ್ಲಿ ಇದರ ಹೆಸರು ಇನ್‌ಕಾಗ್ನಿಟೊ. ಎಡ್ಜ್‌ನಲ್ಲಿ ಇನ್‌ಪ್ರೈವೇಟ್, ಫೈರ್‌ಫಾಕ್ಸ್‌ನಲ್ಲಿ ಪ್ರೈವೇಟ್ ಕಿಟಕಿ. ಕೆಲಸ ಒಂದೇ.

ದೊಡ್ಡ ಅಂಗಡಿಗೆ ಹೋದಾಗ ನಮ್ಮ ಚೀಲ ಇಟ್ಟುಕೊಂಡು ಟೋಕನ್ ಕೊಡುತ್ತಾರಲ್ಲವೇ? ಟೋಕನ್ ತೋರಿಸಿದವರಿಗೆ ಚೀಲ. ನಾವು ಪಾಸ್‌ವರ್ಡ್ ಹಾಕಿ ಒಳಗೆ ಹೋದಾಗ ವೆಬ್‌ಸೈಟ್ ಕೂಡ ಅಂಥದೇ ಒಂದು ಟೋಕನ್ ಕೊಡುತ್ತದೆ. ಅದಕ್ಕೆ ಕುಕ್ಕಿ ಎನ್ನುತ್ತಾರೆ. ಮಾಮೂಲಿ ಕಿಟಕಿಯಲ್ಲಿ ಈ ಟೋಕನ್ ಕಿಟಕಿ ಮುಚ್ಚಿದ ಮೇಲೂ ಉಳಿಯಬಹುದು. ಗುಟ್ಟಿನ ಕಿಟಕಿಯಲ್ಲಾದರೆ, ತೆರೆದಿರುವ ಗುಟ್ಟಿನ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಟೋಕನ್ ಅಳಿಸಿಹೋಗುತ್ತದೆ. ನೋಡಿದ ಪುಟಗಳ ಪಟ್ಟಿಯೂ ಉಳಿಯುವುದಿಲ್ಲ. ಒಂದೇ ಒಂದು ಕಿಟಕಿ ತೆರೆದಿದ್ದರೂ ಟೋಕನ್ ಅಲ್ಲೇ ಇರುತ್ತದೆ. ನಮ್ಮ ಸಹೋದರಿಗೆ ಆದದ್ದು ಇದೇ.

ಯಾವುದು ಉಳಿಯುತ್ತದೆ?

ಡೌನ್‌ಲೋಡ್ ಮಾಡಿದ ಕಾಗದಪತ್ರಗಳು ಕಿಟಕಿ ಮುಚ್ಚಿದರೂ ಅಳಿಸುವುದಿಲ್ಲ. ನೀವು ನೋಡಿದ ವೆಬ್‌ಸೈಟಿಗೂ ಇಂಟರ್‌ನೆಟ್ ಕೊಡುವ ಕಂಪನಿಗೂ ನಿಮ್ಮ ಭೇಟಿ ತಿಳಿಯಬಹುದು. ಇದೇ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಲಾಯಿತು. ಗುಟ್ಟಿನ ಕಿಟಕಿ ಬಳಸಿದವರ ಮಾಹಿತಿಯನ್ನೂ ಕಂಪನಿ ಸಂಗ್ರಹಿಸಿದೆ ಎಂಬುದು ದೂರು. 2024ರಲ್ಲಿ ರಾಜಿಯ ಷರತ್ತಿನಂತೆ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು.

ಕಂಪ್ಯೂಟರಿನಲ್ಲಿ ಒತ್ತಿದ ಅಕ್ಷರಗಳನ್ನು ಕದಿಯುವ ತಂತ್ರಾಂಶವಿದ್ದರೆ ಈ ಕಿಟಕಿ ನಿಮ್ಮ ಪಾಸ್‌ವರ್ಡನ್ನು ಕಾಯುವುದಿಲ್ಲ. ಆದ್ದರಿಂದ ಬ್ಯಾಂಕಿನ ಕೆಲಸವನ್ನು ಅಂಗಡಿ ಕಂಪ್ಯೂಟರಿನಲ್ಲಿ ಮಾಡಲೇಬೇಡಿ.

ಹಾಗಾದರೆ ಪ್ರಯೋಜನವೇ ಇಲ್ಲವೇ?

ಖಂಡಿತ ಇದೆ. ಮನೆಯಲ್ಲಿ ಎಲ್ಲರಿಗೂ ಒಂದೇ ಫೋನು. ಹೊಡೆತ ಬಡಿತ ಅನುಭವಿಸುವ ತಂಗಿಯೊಬ್ಬಳು ಸಹಾಯ ಎಲ್ಲಿ ಸಿಗುತ್ತದೆಂದು ಹುಡುಕಿದರೆ, ಅದು ಫೋನಿನ ಪಟ್ಟಿಯಲ್ಲಿ ಉಳಿಯದಿರುವುದು ಅವಳಿಗೆ ದೊಡ್ಡ ರಕ್ಷಣೆ. ಆದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ, ಆ ಕರೆ ಫೋನಿನ ಕರೆಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ಬೇರೆಯಾಗಿ ಅಳಿಸಬೇಕು, ಇಲ್ಲವೇ ನಂಬಿಕಸ್ಥರ ಫೋನಿನಿಂದ ಮಾಡಬೇಕು.

ನೆನಪಿಡಿ:

1. ಕೆಲಸ ಮುಗಿದ ಕೂಡಲೇ ಮೊದಲು ಲಾಗ್‌ಔಟ್ ಮಾಡಿ. ಆಮೇಲೆ ಗುಟ್ಟಿನ ಕಿಟಕಿಗಳನ್ನೆಲ್ಲ ಮುಚ್ಚಿ. ಫೋನಿನಲ್ಲೂ ಹೀಗೇ.
2. ಡೌನ್‌ಲೋಡ್ ಆದದ್ದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಗೊತ್ತಾಗದಿದ್ದರೆ ಅಂಗಡಿಯವರನ್ನು ಕೇಳಿ, ಎದುರಿಗೇ ಅಳಿಸಿಸಿ. ಸಂಕೋಚ ಬೇಡ.
3. ಪಾಸ್‌ವರ್ಡ್ ಉಳಿಸಲೇ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಅನ್ನಿ.
4. ಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿಸಿ. ಆಗ ಪಾಸ್‌ವರ್ಡ್ ಕದ್ದವರಿಗೂ ಅಷ್ಟು ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ.
5. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಆ ಸಹೋದರಿಯ ಫೋನಿನಲ್ಲೇ ಅವರ ಗೂಗಲ್ ಖಾತೆಯ ಭದ್ರತೆ ಪುಟ ತೆರೆದೆವು. ಎಲ್ಲೆಲ್ಲಿ ಲಾಗಿನ್ ಆಗಿದೆ ಎಂಬ ಪಟ್ಟಿ ಅಲ್ಲಿತ್ತು. ಅಂಗಡಿಯ ಕಂಪ್ಯೂಟರಿನಿಂದ ಹೊರಬಂದು, ಪಾಸ್‌ವರ್ಡ್ ಬದಲಿಸಿದೆವು. ಹತ್ತು ನಿಮಿಷದ ಕೆಲಸ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಿಮ್ಮ ಸಂಘದಲ್ಲೂ ಒಬ್ಬರ ಫೋನ್ ಹಿಡಿದು ಎಲ್ಲರೂ ಕಲಿಯಿರಿ. ಓದು ಬಾರದ ಸದಸ್ಯೆಯರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.