ಕಣ್ಸನ್ನೆಗೆ ಓಗೊಡುವ ಯಂತ್ರ

ಇಳಕಲ್ಲಿನ ಕೈಮಗ್ಗದ ಮುಂದೆ ಕುಳಿತ ನೇಕಾರನ ಕೈಗಳೂ ಕಾಲುಗಳೂ ಏಕಕಾಲದಲ್ಲಿ ದುಡಿಯುತ್ತಿರುತ್ತವೆ. ದೀಪದ ಗುಂಡಿಯನ್ನು ಒತ್ತಬೇಕಾದರೆ ಲಾಳಿ ನಿಲ್ಲಬೇಕು. ಅವನಿಗೆ ಇದು ಕ್ಷಣಕಾಲದ ಅಡಚಣೆ. ಆದರೆ ನರವ್ಯಾಧಿಯಿಂದ ಕೈಕಾಲುಗಳ ಚಲನೆಯನ್ನೂ ಮಾತನ್ನೂ ಕಳೆದುಕೊಂಡವರಿಗೆ ನೀರು ಬೇಕೆಂದು ತಿಳಿಸುವುದೂ ದುಸ್ಸಾಧ್ಯ. ಇಂತಹ ಅನೇಕರಲ್ಲಿ ಕಣ್ಣುಗುಡ್ಡೆಯನ್ನು ಹೊರಳಿಸುವ ಸ್ನಾಯುಗಳು ಬಹುಕಾಲ ಕೆಲಸಮಾಡುತ್ತಿರುತ್ತವೆ. ಆ ಚಲನೆಯಿಂದಲೇ ಗಂಟೆಯನ್ನು ಬಾರಿಸುವುದು ಹೇಗೆಂಬುದನ್ನು ನೋಡೋಣ.

ನಮ್ಮ ಕಣ್ಣು ಒಂದು ಪುಟ್ಟ ವಿದ್ಯುತ್ಕೋಶದಂತಿದೆ. ಅದರ ಮುಂಭಾಗವು ಹಿಂಭಾಗದ ಅಕ್ಷಿಪಟಲಕ್ಕಿಂತ ಹೆಚ್ಚು ಧನವಿಭವವನ್ನು ಹೊಂದಿರುತ್ತದೆ. 1849ರಲ್ಲಿ ಜರ್ಮನಿಯ ಎಮಿಲ್ ಡು ಬ್ವಾ-ರೇಮಾನ್ ಈ ವಿಭವವನ್ನು ಮೀನಿನ ಕಣ್ಣಿನಲ್ಲಿ ಗುರುತಿಸಿದನು. ಎರಡು ಕಣ್ಣುಗಳ ಹೊರತುದಿಗಳ ಬಳಿ ಒಂದೊಂದು ವಿದ್ಯುದ್ವಾರವನ್ನೂ ಹಣೆಯ ಮೇಲೆ ಮೂರನೆಯದನ್ನೂ ಅಂಟಿಸಿದರೆ, ದೃಷ್ಟಿ ಬಲಕ್ಕೆ ಹೊರಳಿದಾಗ ಬಲಗಡೆಯದು ಧನವಾಗುತ್ತದೆ. ಎಡಕ್ಕೆ ಹೊರಳಿದಾಗ ಎಡಗಡೆಯದು. ಒಂದು ಡಿಗ್ರಿ ಹೊರಳಿಗೆ ದೊರೆಯುವುದು ಸುಮಾರು 15 ಮೈಕ್ರೋವೋಲ್ಟ್ ಮಾತ್ರ. 30 ಡಿಗ್ರಿಗೆ ಸುಮಾರು ಅರ್ಧ ಮಿಲಿವೋಲ್ಟ್. ವರ್ಧಕವು ಇದನ್ನು 1000 ಪಟ್ಟು ಹೆಚ್ಚಿಸಿದರೆ ಅರ್ಧ ವೋಲ್ಟಾಗಿ, ಆರ್ಡ್ವಿನೊದಂತಹ ಪುಟ್ಟ ಗಣಕಫಲಕವು ಅದನ್ನು ಓದಬಲ್ಲುದು.

ಇಲ್ಲಿ ಎರಡು ತೊಡಕುಗಳಿವೆ. ಮನೆಯ ತಂತಿಗಳಿಂದ ಸೆಕೆಂಡಿಗೆ 50 ಆವೃತ್ತಿಯ ಗುಂಯ್‌ಗಾನ ಬಂದು ಸೇರುತ್ತದೆ. ಕಣ್ಣಿನ ಸಂಕೇತವು ಇದಕ್ಕಿಂತ ನಿಧಾನವಾದುದರಿಂದ ಶೋಧಕಮಂಡಲದಿಂದ ಅದನ್ನು ಬೇರ್ಪಡಿಸಬಹುದು. ಚರ್ಮದ ಸಂಪರ್ಕದಲ್ಲಿ ಹುಟ್ಟುವ ವಿಭವವೂ ಮೆಲ್ಲಮೆಲ್ಲನೆ ಬದಲಾಗುತ್ತಿರುತ್ತದೆ. ಅದನ್ನು ಧಾರಕವೊಂದು ತಡೆಯುತ್ತದೆ. ಆದರೆ ಆಗ ಒಂದೇ ಕಡೆ ನೆಟ್ಟ ನೋಟದ ಸಂಕೇತವೂ ಅಳಿದುಹೋಗುವುದರಿಂದ, ಹೊರಳುವಿಕೆಯನ್ನೇ ನಾವು ಆಜ್ಞೆಯಾಗಿ ಬಳಸಬೇಕಾಗುತ್ತದೆ.

ಹಾಗೆಂದು ಪ್ರತಿಯೊಂದು ಹೊರಳೂ ಆಜ್ಞೆಯಾಗಬಹುದೆ? ಬಾದಾಮಿಯ ಮೊದಲನೆಯ ಗುಹೆಯಲ್ಲಿರುವ ಹದಿನೆಂಟು ತೋಳುಗಳ ನಟರಾಜನ ಮುಂದೆ ನಿಂತಾಗ ನಮ್ಮ ದೃಷ್ಟಿ ಸೆಕೆಂಡಿಗೆ ಮೂರು ನಾಲ್ಕು ಬಾರಿ ತೋಳಿನಿಂದ ತೋಳಿಗೆ ಜಿಗಿಯುತ್ತದೆ. ಅಷ್ಟು ಬಾರಿಯೂ ಗಂಟೆ ಬಾರಿಸಿದರೆ ಯಂತ್ರದಿಂದ ಪ್ರಯೋಜನವಿಲ್ಲ. ಆದುದರಿಂದ ಸಹಜವಾಗಿ ಅಪರೂಪವಾದ ಸನ್ನೆಯೊಂದನ್ನು ಆರಿಸಬೇಕು: ಒಂದು ಸೆಕೆಂಡಿನೊಳಗೆ ಎಡತುದಿಗೂ ಬಲತುದಿಗೂ ನೋಡಿ ನಡುವಿಗೆ ಮರಳುವುದು.

ಬಾಗಲಕೋಟೆ, ಹುನಗುಂದಗಳ ವಿದ್ಯಾರ್ಥಿಗಳಿಗೆ ಈ ಪ್ರಯೋಗವು ಎಟುಕದ್ದೇನಲ್ಲ. ಆದರೆ ಒಂದು ನಿಯಮವನ್ನು ಮೀರಲಾಗದು: ವಿದ್ಯುದ್ವಾರಗಳು ಮೈಮೇಲಿರುವಾಗ ಇಡೀ ಉಪಕರಣವು ಬ್ಯಾಟರಿಯಿಂದಲೇ ನಡೆಯಬೇಕು, ಗೋಡೆಯ ವಿದ್ಯುತ್ತಿಗೆ ಜೋಡಿಸಿದ ಯಾವ ಯಂತ್ರಕ್ಕೂ, ಚಾರ್ಜಾಗುತ್ತಿರುವ ಲ್ಯಾಪ್‌ಟಾಪಿಗೂ, ಅದನ್ನು ಸೇರಿಸಕೂಡದು. ಉಪಕರಣ ಸಿದ್ಧವಾದ ಮೇಲೆ ಇಪ್ಪತ್ತು ಬಾರಿ ಸನ್ನೆಮಾಡಿ, ಗಂಟೆ ಎಷ್ಟು ಬಾರಿ ಬಾರಿಸಿತೆಂದು ಎಣಿಸಿರಿ. ಅನಂತರ ಹತ್ತು ನಿಮಿಷ ಪುಸ್ತಕವನ್ನೋದುತ್ತ, ಕರೆಯದೆ ಎಷ್ಟು ಬಾರಿ ಬಾರಿಸಿತೆಂಬುದನ್ನೂ ಬರೆದಿಡಿರಿ. ಎರಡನೆಯ ಎಣಿಕೆ ಸೊನ್ನೆಗೆ ಸಮೀಪಿಸದಿದ್ದರೆ ಮನೆಯವರು ಗಂಟೆಯ ದನಿಯನ್ನು ನಂಬುವುದನ್ನೇ ಬಿಟ್ಟಾರು. ಆಗ ಹಾಸಿಗೆ ಹಿಡಿದವನ ನಿಜವಾದ ಕರೆಯೂ ಅವರ ಕಿವಿಗೆ ಬೀಳದು.