ಇಟಲಿಯ ಸಲಾಡ್ ನಮ್ಮ ಹಿತ್ತಲಿನಲ್ಲೇ ಇದೆ

ಕೆಲವು ತಿಂಗಳ ಹಿಂದೆ ಪುತ್ತೂರಿನ ನನ್ನ ಚಿಕಿತ್ಸಾಲಯಕ್ಕೆ ನಿವೃತ್ತ ಶಿಕ್ಷಕರೊಬ್ಬರು ಬಂದಿದ್ದರು. ಹಲವು ವರ್ಷಗಳಿಂದ ಮಧುಮೇಹಕ್ಕೆ ಮಾತ್ರೆ ಸೇವಿಸುತ್ತಿರುವವರು. ಮಗ ತಂದುಕೊಟ್ಟ ಆಲಿವ್ ಎಣ್ಣೆಯ ಉತ್ಸಾಹದಲ್ಲಿ ರಾತ್ರಿಯ ರೊಟ್ಟಿಯನ್ನು ಸಂಪೂರ್ಣವಾಗಿ ತ್ಯಜಿಸಿ, ಬರಿಯ ‘ಇಟಾಲಿಯನ್ ಸಲಾಡ್’ ಸೇವಿಸತೊಡಗಿದ್ದರು. ಮಾತ್ರೆ ಮಾತ್ರ ಎಂದಿನಂತೆಯೇ ನಡೆದಿತ್ತು. ನಾಲ್ಕನೆಯ ರಾತ್ರಿ ಬೆವರು, ನಡುಕ, ಕಣ್ಣಿಗೆ ಕತ್ತಲೆ. ಮನೆಯವರು ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ದೋಷ ಸಲಾಡಿನದಲ್ಲ, ಊಟ ಬಿಟ್ಟು ಮಾತ್ರೆ ಮುಂದುವರಿಸಿದ ಕ್ರಮದ್ದು.

ಇಟಲಿಯವರು ಸಲಾಡಿಗೆ ‘ಇನ್ಸಲಾಟಾ’ ಎನ್ನುತ್ತಾರೆ. ಉಪ್ಪು ಬೆರೆಸಿದ್ದು ಎಂದೇ ಅದರ ಅರ್ಥ. ಹಸಿ ಸೊಪ್ಪು, ಟೊಮೆಟೊಗಳಿಗೆ ಉಪ್ಪು, ಆಲಿವ್ ಎಣ್ಣೆ, ವಿನೆಗರ್ ಸೇರಿಸಿದರೆ ಮುಗಿಯಿತು. 2010ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿದ ಮೆಡಿಟರೇನಿಯನ್ ಆಹಾರಪದ್ಧತಿಯಲ್ಲಿಯೂ ಧಾನ್ಯ, ಕಾಳುಗಳೊಡನೆಯೇ ಇದಕ್ಕೆ ಸ್ಥಾನ. ನಮ್ಮಲ್ಲಿ ರೊಟ್ಟಿಯೊಡನೆ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಈರುಳ್ಳಿ ತಿನ್ನುವುದಿಲ್ಲವೇ? ಬಸವ ಜಯಂತಿಯ ಕೋಸಂಬರಿಯೂ ಇದೇ ಬಳಗದ್ದು.

ಆದ್ದರಿಂದ ದುಬಾರಿ ಸಾಮಗ್ರಿಗಾಗಿ ಪೇಟೆಗೆ ಓಡಬೇಕಿಲ್ಲ. ಆಲಿವ್ ಎಣ್ಣೆಯ ಬದಲು ಗಾಣದ ಶೇಂಗಾ ಎಣ್ಣೆ ಅಥವಾ ಎಳ್ಳೆಣ್ಣೆ ಸಾಕು. ವಿನೆಗರ್ ಬದಲು ನಿಂಬೆರಸ. ಇಟಲಿಯವರು ಮೆಚ್ಚುವ ಬೇಸಿಲ್ ಎಂದರೆ ನಮ್ಮ ತುಳಸಿಯ ಸೋದರಿ ಕಾಮಕಸ್ತೂರಿಯೇ. ಅವರ ಪೈನ್ ಬೀಜಕ್ಕೆ ಬದಲು ನಮ್ಮ ಗೇರುಬೀಜ. ಗೇರು ಸಂಶೋಧನಾ ನಿರ್ದೇಶನಾಲಯವೇ ಪುತ್ತೂರಿನಲ್ಲಿರುವಾಗ ಬೇರೆಡೆ ಹುಡುಕುವುದೇಕೆ? ಗಿಣ್ಣಿನ ಬದಲು ನೆನೆಸಿದ ಹೆಸರುಬೇಳೆ. ನಿತ್ಯ ಸೇವಿಸಬಹುದಾದ ಆಹಾರಗಳಲ್ಲಿ ಚರಕರು ಹೆಸರನ್ನೂ ಸೈಂಧವ ಲವಣವನ್ನೂ ಹೇಳಿದ್ದಾರೆ.

ನಾಲ್ವರಿಗೆ ಅಳತೆ: ಅರ್ಧ ಬಟ್ಟಲು ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿಯಿರಿ. ಎರಡು ಮುಳ್ಳುಸೌತೆ, ಎರಡು ಟೊಮೆಟೊ, ಒಂದು ಸಣ್ಣ ಈರುಳ್ಳಿ ಹೆಚ್ಚಿಕೊಳ್ಳಿ. (ನಮ್ಮ ಸೀಮೆಯಲ್ಲಿ ಬರಿಯ ‘ಸೌತೆ’ ಎಂದರೆ ಸಾಂಬಾರಿನ ಸೌತೆ, ಹಸಿಯಾಗಿ ತಿನ್ನಲು ಮುಳ್ಳುಸೌತೆಯೇ ಬೇಕು.) ಮೂರು ಚಮಚ ಎಣ್ಣೆ, ಒಂದು ಚಮಚ ನಿಂಬೆರಸ, ಚಿಟಿಕೆ ಕಾಳುಮೆಣಸಿನ ಪುಡಿ, ಸ್ವಲ್ಪ ಸೈಂಧವ ಲವಣ ಬೆರೆಸಿ, ಬಡಿಸುವ ಮುನ್ನವೇ ಕಲಸಿರಿ. ಮೊದಲೇ ಉಪ್ಪು ಹಾಕಿದರೆ ತರಕಾರಿ ನೀರೊಡೆಯುತ್ತದೆ. ಮೇಲೆ ಹತ್ತು ಕಾಮಕಸ್ತೂರಿ ಎಲೆ, ಹುರಿದ ಎಂಟು ಗೇರುಬೀಜ.

ಇನ್ನು ಎಚ್ಚರಿಕೆಯ ಮಾತು. ಹಸಿ ಪದಾರ್ಥ ಜಠರಾಗ್ನಿಗೆ ಭಾರ. ಮಳೆಗಾಲದಲ್ಲಿ ಅಗ್ನಿ ಮಂದವಾಗಿರುತ್ತದೆ. ಸುಳ್ಯ, ಕಡಬದ ಮಳೆಯಲ್ಲಿ ಸೊಪ್ಪಿಗೆ ಮಣ್ಣು, ಕ್ರಿಮಿಗಳೂ ಅಂಟಿರುತ್ತವೆ. ಸೊಪ್ಪನ್ನು ಬೇಯಿಸಿ, ಹಿಂಡಿ, ಜಿಡ್ಡು ಸೇರಿಸಿ ಉಣ್ಣಬೇಕೆಂಬ ವಾಗ್ಭಟರ ಸೂಚನೆ ಆ ಕಾಲಕ್ಕೆ ಬಹಳ ಯುಕ್ತ. ಆಗ ಒಂದೆಲಗವನ್ನು ತುಪ್ಪದಲ್ಲಿ ಬಾಡಿಸಿ ತಂಬುಳಿ ಮಾಡಿ, ಮಧ್ಯಾಹ್ನದ ಊಟಕ್ಕೆ ಬಡಿಸಿರಿ. ರಾತ್ರಿ ಮೊಸರು ಸೇರಿದ ಸಲಾಡ್ ಬೇಡ. ಹೊಟ್ಟೆಯುಬ್ಬರ ಇರುವವರು ತರಕಾರಿಯನ್ನು ಹಬೆಯಲ್ಲಿ ಸ್ವಲ್ಪ ಬಾಡಿಸಿಕೊಳ್ಳಲಿ. ರಕ್ತದೊತ್ತಡದವರು ಉಪ್ಪನ್ನು ತಗ್ಗಿಸಲಿ; ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಲಿ.

ಮಧುಮೇಹಿಗಳು ಸಲಾಡನ್ನು ಊಟದ ಆರಂಭದಲ್ಲಿ ತಿಂದು, ಬಳಿಕ ಮಿತವಾಗಿ ರೊಟ್ಟಿ, ಪಲ್ಯ ಸೇವಿಸಲಿ. ಊಟದ ಪ್ರಮಾಣ ಬದಲಿಸುವುದಾದರೆ ಮಾತ್ರೆಯ ಪ್ರಮಾಣವನ್ನೂ ವೈದ್ಯರೊಡನೆ ಚರ್ಚಿಸಬೇಕು. ಆ ಶಿಕ್ಷಕರು ಈಗ ಹಾಗೆಯೇ ನಡೆಯುತ್ತಿದ್ದಾರೆ. ಆ ಬಳಿಕ ನಡುಕ ಮರುಕಳಿಸಿಲ್ಲ. ಅವರ ಹಿತ್ತಲಿನಲ್ಲಿ ಕಾಮಕಸ್ತೂರಿ ಚಿಗುರಿದೆ.

ಉಣ್ಣುವುದೆಲ್ಲವನ್ನೂ ಪ್ರಸಾದವೆಂದು ಭಾವಿಸುವ ನಮಗೆ, ಅದನ್ನು ಹಿತವಾಗಿ, ಮಿತವಾಗಿ, ಕಾಲವರಿತು ಸ್ವೀಕರಿಸುವುದೂ ಶರಣರ ಮಾರ್ಗವೇ ಆಗಿದೆ.